ಪಿಂಕ್ಸ್ಟನ್ ಬಲ್ಲ ಗೀರುಗಳು

ಹೋಸಿಯಾ ಪಿಂಕ್ಸ್ಟನ್ ಅಮೆರಿಕದ ಒಹಾಯೋದ ವಿಶ್ವವಿದ್ಯಾಲಯವೊಂದರ ಆಡಳಿತ ಕಟ್ಟಡವನ್ನು ಇಪ್ಪತ್ತಾರು ವರ್ಷ ಗುಡಿಸಿ ಒರೆಸಿದವರು. ಮರದ ನೆಲಕ್ಕೆ ಮೇಣ ಹಚ್ಚಿ ಉಜ್ಜುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಈ ಮಾತನ್ನು ಇನ್ನೊಬ್ಬರು ಹೇಳಲಿ ಎಂದು ಅವರು ಕಾಯುತ್ತಿರಲಿಲ್ಲ, ತಾವೇ ಹೇಳಿಬಿಡುತ್ತಿದ್ದರು.

ಸಾವಿರದ ಒಂಬೈನೂರ ಅರವತ್ತೊಂಬತ್ತರ ಏಪ್ರಿಲ್‌ನಲ್ಲಿ ಕಪ್ಪು ಜನಾಂಗದ ನಲವತ್ತು ವಿದ್ಯಾರ್ಥಿಗಳು ಆ ಕಟ್ಟಡದೊಳಗೆ ಹೊಕ್ಕು ಬಾಗಿಲಿಗೆ ಸರಪಳಿ ಬಿಗಿದರು. ತಮ್ಮವರ ಚರಿತ್ರೆ ಕಲಿಸುವ ವಿಭಾಗ ಬೇಕು, ತಮ್ಮವರೇ ಆದ ಅಧ್ಯಾಪಕರು ಬೇಕು ಎಂದು ಎರಡು ವರ್ಷ ಅರ್ಜಿ ಬರೆದು ಅವರ ಕೈ ಸೋತಿತ್ತು. ಅವರ ಮುಂದಾಳು ವರ್ಡೆಲ್, ಹತ್ತೊಂಬತ್ತರ ಹುಡುಗಿ.

"ಪಿಂಕ್ಸ್ಟನ್ ಅವ್ರೇ, ನೀವು ಆಚೆ ಹೋಗ್ಬಿಡಿ. ನಿಮ್ಮ ಕೆಲಸಕ್ಕೆ ಕುತ್ತು ಬರೋದು ಬೇಡ."

"ಹೋಗ್ತೀನಿ ಕಣಮ್ಮ. ಆದ್ರೆ ಆ ಮೇಜು ಎಳೀಬೇಡಿ, ಎತ್ತಿ ಇಡಿ. ಮೊನ್ನೆ ತಾನೇ ಉಜ್ಜಿದೀನಿ."

ನಾಲ್ಕು ದಿನ ಕಳೆಯಿತು. ಪಿಂಕ್ಸ್ಟನ್ ಹೆಂಡತಿ ಓಜೆಲ್ಲಾ ದಿನವೂ ಕಿಟಕಿಯಿಂದ ಹುರಿದ ಕೋಳಿ ಕೊಟ್ಟು ಬರುತ್ತಿದ್ದಳು. ಕೊನೆಗೆ ಆಡಳಿತ ಬಗ್ಗಿತು, ವಿಭಾಗಕ್ಕೆ ಒಪ್ಪಿತು. ಆದರೆ ಸೋತ ಸಿಟ್ಟು ಎಲ್ಲಿ ಹೋದೀತು? ಕಟ್ಟಡಕ್ಕೆ ಒಂದೇ ಒಂದು ಹಾನಿಯಾಗಿದ್ದರೂ ನಲವತ್ತೂ ಮಂದಿಯನ್ನು ಹೊರಹಾಕುತ್ತೇವೆ ಎಂದು ಆಡಳಿತದವರು ಕೊಕ್ಕೆ ಹಾಕಿದರು.

ಐದನೆಯ ಬೆಳಗ್ಗೆ ಡೀನ್ ಸಾಹೇಬರು ಬಾಯಲ್ಲಿ ಪೈಪು, ಕೈಯಲ್ಲಿ ಪುಸ್ತಕ ಹಿಡಿದು ತಪಾಸಣೆಗೆ ಬಂದರು. ಬೀಗದ ಕೈಗಳು ತಮ್ಮ ಬಳಿ ಇದ್ದದ್ದರಿಂದ ಪಿಂಕ್ಸ್ಟನ್ ಜೊತೆಗೆ ನಡೆದರು. ಆ ನಲವತ್ತು ಮಕ್ಕಳು ಗೋಡೆಗೆ ಒರಗಿ ನಿಂತಿದ್ದರು.

"ಹೋಸಿಯಾ, ನೋಡಿಲ್ಲಿ. ನೆಲದ ಉದ್ದಕ್ಕೂ ಗೀಚಿದಾರೆ."

"ಅದು ಐವತ್ತೆಂಟರ ಕ್ರಿಸ್‌ಮಸ್‌ದು ಸಾರ್. ಪಿಯಾನೋ ಎಳ್ಕೊಂಡು ಹೋದ್ರಲ್ಲ."

"ಈ ಕಲೆ?"

"ಟ್ರಸ್ಟಿಗಳ ಊಟದಲ್ಲಿ ವೈನ್ ಚೆಲ್ತು. ಯಾರು ಚೆಲ್ಲಿದ್ದು ಅಂತ್ಲೂ ಹೇಳ್ಲಾ?"

"ಬೇಡ. ಈ ಮುರುಕು ಕುರ್ಚಿ?"

"ಫುಟ್‌ಬಾಲ್ ಗೆದ್ದಾಗ ತಾವೇ ಅದರ ಮೇಲೆ ಹತ್ತಿ ಭಾಷಣ ಮಾಡಿದ್ರಿ."

ಮಕ್ಕಳಲ್ಲೊಬ್ಬ ನಗು ತಡೆಯಲಾರದೆ ಕೆಮ್ಮಿದ. ಡೀನ್ ಬರೆದದ್ದನ್ನೆಲ್ಲ ಹೊಡೆದುಹಾಕಿದರು.

ಸಭೆಯ ಮೇಜಿನ ಮೇಲೆ ಮಾತ್ರ ಬೆಳ್ಳನೆಯ ಒಂದು ಉಂಗುರವಿತ್ತು. ಅದನ್ನು ಪಿಂಕ್ಸ್ಟನ್ ಹಿಂದೆಂದೂ ಕಂಡಿರಲಿಲ್ಲ. ಹಳೆಯದು ಎಂದರೆ ಡೀನ್ ಈಗ ಕಣ್ಣು ಮುಚ್ಚಿ ನಂಬುತ್ತಿದ್ದರು. ನಾಲಿಗೆ ಸುಳ್ಳಿಗೆ ಹೊರಳುವಷ್ಟರಲ್ಲಿ ವರ್ಡೆಲ್ ಮುಂದೆ ಬಂದಳು.

"ಅದು ನಂದು. ಬಿಸಿ ಕೆಟಲ್ ಇಟ್ಬಿಟ್ಟೆ."

ಡೀನ್ ಲೇಖನಿ ಎತ್ತಿದರು. ಸಿಕ್ಕಿತಲ್ಲ ಎಂಬ ಸಂತೋಷ ಅವರ ಮುಖದಲ್ಲೇ ಕಾಣುತ್ತಿತ್ತು.

"ಒಂದ್ನಿಮಿಷ ಸಾರ್. ತಮ್ಮ ಪೈಪಿನ ಬೂದಿ ಒಂದು ಚಿಟಿಕೆ ಕೊಡಿ."

ಏನೂ ತೋಚದೆ ಡೀನ್ ಪೈಪು ಕೊಡವಿದರು. ಪಿಂಕ್ಸ್ಟನ್ ಬೂದಿಗೆ ತಮ್ಮ ಜೇಬಿನ ಸೀಸೆಯಿಂದ ಎರಡು ಹನಿ ಎಣ್ಣೆ ಬೆರೆಸಿ, ಬಟ್ಟೆಯಿಂದ ನಿಧಾನವಾಗಿ, ಮಗುವಿನ ಬೆನ್ನು ಉಜ್ಜುವಂತೆ ಉಜ್ಜಿದರು. ಉಂಗುರ ಮಾಸಿತು, ಆಮೇಲೆ ಇಲ್ಲವಾಯಿತು.

"ಮರ ಸುಟ್ಟಿಲ್ಲ ಸಾರ್, ಮೇಣ ಬೆವೆತಿತ್ತು ಅಷ್ಟೆ."

ಡೀನ್ ಬಗ್ಗಿ ನೋಡಿದರು, ಬೆರಳಾಡಿಸಿ ನೋಡಿದರು. ಕೊನೆಗೆ 'ಹಾನಿ ಇಲ್ಲ' ಎಂದು ಬರೆದು ಸಹಿ ಹಾಕಿದರು.

"ಇಷ್ಟೆಲ್ಲ ಗೊತ್ತಿದ್ದು ಇಷ್ಟು ವರ್ಷ ಯಾಕೆ ಬಾಯಿ ಬಿಡ್ಲಿಲ್ಲ ನೀನು?"

"ಇಪ್ಪತ್ತಾರು ವರ್ಷದಲ್ಲಿ ತಾವು ನನ್ನನ್ನ ಏನಾದ್ರೂ ಕೇಳಿದ್ದು ಇವತ್ತೇ, ಸಾರ್."