ಹುಳ ಹಣ್ಣಾದ ದಿನ ಬಿಡುಗಡೆಯಾದ ಪುಸ್ತಕ

ನನ್ನ ಮೊದಲ ಕಾದಂಬರಿಯನ್ನು ಬರೆದದ್ದು ಮಾಗಡಿಯ ಹೈಸ್ಕೂಲೊಂದರ ಸ್ಟಾಫ್ ರೂಮಿನಲ್ಲಿ. ಸಂಜೆ ಮಕ್ಕಳೆಲ್ಲ ಹೋದ ಮೇಲೆ ನನ್ನ ಬಸ್ಸು ಬರಲು ಒಂದು ಗಂಟೆ ಬಾಕಿ ಇರುತ್ತಿತ್ತು. ಹಳೆಯ ಉತ್ತರ ಪತ್ರಿಕೆಗಳಲ್ಲಿ ಉಳಿದ ಖಾಲಿ ಹಾಳೆಗಳನ್ನು ಹರಿದಿಟ್ಟುಕೊಂಡು ಆ ಒಂದು ಗಂಟೆ ಬರೆಯುತ್ತಿದ್ದೆ. ಜವಾನ ಕಸ ಗುಡಿಸುತ್ತಾ, "ಇನ್ನೂ ಕರೆಕ್ಷನ್ ಮುಗೀನಿಲ್ವಾ ಮೇಡಂ?" ಎಂದು ಕೇಳುತ್ತಿದ್ದ. "ಇಲ್ಲಪ್ಪ" ಎನ್ನುತ್ತಿದ್ದೆ. ಮೂರು ವರ್ಷ ಅದೇ ಪ್ರಶ್ನೆ, ಅದೇ ಉತ್ತರ. ನಮ್ಮ ಶಾಲೆಯ ಮಕ್ಕಳು ಅಷ್ಟೊಂದು ತಪ್ಪು ಮಾಡುತ್ತಾರೆಂದು ಪಾಪ, ಅವನು ನಂಬಿಬಿಟ್ಟಿದ್ದ.

ಬರೆದದ್ದು ನನ್ನ ಅವ್ವನ ಬಗ್ಗೆ. ಹೆಸರು ಬದಲಿಸಿದೆ, ಊರು ಬದಲಿಸಿದೆ, ಕೆನ್ನೆಗೊಂದು ಮಚ್ಚೆಯನ್ನೂ ಇಟ್ಟೆ. ಆದರೂ ಅವಳು ಕೂಟಗಲ್ಲಿನಲ್ಲಿ ರೇಷ್ಮೆ ಹುಳ ಸಾಕುತ್ತಿದ್ದ ನನ್ನ ಅವ್ವನೇ. ಇದು ಕಲ್ಪನೆ, ಇದು ಕಲ್ಪನೆ ಎಂದು ನನಗೆ ನಾನೇ ಸುಳ್ಳು ಹೇಳಿಕೊಳ್ಳುತ್ತಿದ್ದೆ.

ರೇಷ್ಮೆ ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದು ಏಳೆಂಟು ದಿನ ಬಿಡುವಿಲ್ಲದೆ ಸೊಪ್ಪು ತಿಂದ ಹುಳ, ಆಮೇಲೆ ತಿನ್ನುವುದನ್ನು ನಿಲ್ಲಿಸಿ, ಮೈ ಹಳದಿಗೆ ತಿರುಗಿ, ತಲೆ ಎತ್ತಿ ಆಡಿಸುತ್ತದೆ. ಹುಳ ಹಣ್ಣಾಯಿತು ಎನ್ನುವುದು ಆಗಲೇ. ಹಣ್ಣಾದದ್ದನ್ನು ಒಂದೊಂದಾಗಿ ಆಯ್ದು ಚಂದ್ರಿಕೆ ಎಂಬ ಬಿದಿರಿನ ತಟ್ಟಿಯ ಮೇಲೆ ಬಿಡಬೇಕು. ಅಲ್ಲಿ ಅದು ಗೂಡು ಕಟ್ಟುತ್ತದೆ. ತಡ ಮಾಡಿದರೆ ಹುಳ ಸಾಕುವ ತಟ್ಟೆಯ ಕಸದಲ್ಲೇ ನೂಲು ಬಿಟ್ಟು, ತಿಂಗಳ ದುಡಿಮೆ ಮಣ್ಣುಪಾಲು. ಆ ಒಂದೆರಡು ದಿನ ಊರಲ್ಲಿ ಯಾರೂ ಹೊಸಿಲು ದಾಟಿ ದೂರ ಹೋಗುವುದಿಲ್ಲ. ಇವತ್ತು ಅವರ ಮನೆಗೆ ನಾವು, ನಾಳೆ ನಮ್ಮ ಮನೆಗೆ ಅವರು ಎಂದು ಮುಯ್ಯಾಳಾಗಿ ದುಡಿಯುತ್ತಾರೆ.

ಅಂಥ ದಿನ ನಮ್ಮವ್ವ ಒಮ್ಮೆ ಮನೆ ಬಿಟ್ಟು ಹೋಗಿದ್ದಳಂತೆ. ನನಗೆ ಬುದ್ಧಿ ತಿಳಿಯುವ ಮೊದಲಿನ ಮಾತು. ನನ್ನ ಅಜ್ಜಿ, ಅಂದರೆ ಅವ್ವನ ಅತ್ತೆ, ಸಾಯುವವರೆಗೂ ಅದನ್ನು ಎತ್ತಿ ಆಡುತ್ತಲೇ ಇದ್ದಳು. ಸಾರಿಗೆ ಉಪ್ಪು ಹೆಚ್ಚಾದರೂ ಸಾಕು, "ಹಣ್ಣಾದ ಹುಳ ಬುಟ್ಟೋದವ್ಳಲ್ವಾ ನೀನು!" ಎನ್ನುತ್ತಿದ್ದಳು. ಅವ್ವ ತಲೆ ತಗ್ಗಿಸಿಕೊಂಡು ಮುದ್ದೆ ತೊಳಸುತ್ತಿದ್ದಳು. ಎಲ್ಲಿಗೆ ಹೋಗಿದ್ದಳು, ಯಾಕೆ ಹೋಗಿದ್ದಳು ಎಂದು ಯಾರೂ ಹೇಳಲಿಲ್ಲ, ಅಪ್ಪನೂ ಹೇಳಲಿಲ್ಲ. ನಾನೂ ಅವ್ವನನ್ನು ಕೇಳುವ ಧೈರ್ಯ ಮಾಡಲಿಲ್ಲ. ಕೇಳುವ ಬದಲು ಬರೆದೆ. ನನ್ನ ಕಾದಂಬರಿಯಲ್ಲಿ ಅತ್ತೆಯ ಮಾತು ತಡೆಯಲಾರದೆ ಆ ಹೆಂಗಸು ಹಣ್ಣಾದ ಹುಳ ಬಿಟ್ಟು, ಕೆರೆ ಏರಿಯ ಮೇಲೆ ಹಿಂದಿರುಗಿ ನೋಡದೆ ನಡೆದು ತೌರಿಗೆ ಹೋಗುತ್ತಾಳೆ. ಬರೆಯುವಾಗ ಅತ್ತುಬಿಟ್ಟಿದ್ದೆ. ಆವತ್ತು ಬಸ್ಸೂ ತಪ್ಪಿತು.

ಹಸ್ತಪ್ರತಿಯನ್ನು ಮೊದಲ ಪ್ರಕಾಶಕರು ಎಂಟು ತಿಂಗಳು ಇಟ್ಟುಕೊಂಡು, ಕಾಫಿ ಲೋಟದ ಗುರುತಿನ ಸಮೇತ ವಾಪಸ್ಸು ಕಳಿಸಿದರು. ಎರಡನೆಯವರು ಅದನ್ನೂ ಮಾಡಲಿಲ್ಲ. ಮೂರನೆಯವರು ಬೆಂಗಳೂರಿಗೆ ಕರೆಸಿ, "ಮೊದಲಿನ ಎಂಬತ್ತು ಪುಟ ಬೇಡಮ್ಮ, ತೆಗೀರಿ. ಆ ಹೆಂಗಸು ಮನೆ ಬಿಟ್ಟು ಹೋಗೋ ಅಧ್ಯಾಯ ಇದೆಯಲ್ಲ, ಅದಕ್ಕೋಸ್ಕರ ಪುಸ್ತಕ ಹಾಕ್ತೀನಿ" ಎಂದರು. ಎಂಬತ್ತು ಪುಟ ತೆಗೆಯುವಾಗ ಹೊಟ್ಟೆ ಉರಿಯಿತು. ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಅವ್ವನ ಕಿವಿಗೆ ಬೀಳಬಾರದು ಎಂದುಕೊಂಡಿದ್ದ ಅಧ್ಯಾಯವೇ ಪುಸ್ತಕದ ಬೆನ್ನೆಲುಬಾಗಿತ್ತು. ಅವ್ವನಿಗೆ ಓದಲು ಬರುವುದಿಲ್ಲ ಎಂದು ಆಗ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಅಚ್ಚಾದ ಮೇಲೆ, "ನಿಮ್ಮ ಕಡೆ ನೀವೇ ಓಡಾಡಿ" ಎಂದು ಪ್ರಕಾಶಕರು ನಾಲ್ಕು ಕಟ್ಟು ಪುಸ್ತಕ ನನ್ನ ತಲೆಗೆ ಕಟ್ಟಿದರು. ಓಡಾಡಿದೆ. ರಾಮನಗರದ ಬಸ್ಸಿನಲ್ಲಿ ಕಂಡಕ್ಟರು ಕಟ್ಟನ್ನು ಕಾಲಿನಿಂದ ಮುಟ್ಟಿ ನೋಡಿ, "ಮನೆ ಕಟ್ಟಿಸ್ತಿದ್ದೀರಾ ಮೇಡಂ? ಇಟ್ಟಿಗೆಗೆ ಲಗೇಜ್ ಆಯ್ತದೆ" ಎಂದ. ಕನಕಪುರದ ಪುಸ್ತಕದಂಗಡಿಯವರು ಹತ್ತು ಪ್ರತಿ ಇಟ್ಟುಕೊಂಡರು. ತಿಂಗಳು ಬಿಟ್ಟು ಹೋಗಿ ನೋಡಿದರೆ, ಎಸ್ಸೆಸ್ಸೆಲ್ಸಿ ಗೈಡುಗಳ ರಾಶಿ ಬೀಳದಂತೆ ನನ್ನ ಹತ್ತೂ ಪ್ರತಿಗಳನ್ನು ಆಸರೆ ಕೊಟ್ಟು ನಿಲ್ಲಿಸಿದ್ದರು. ಚನ್ನಪಟ್ಟಣದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯ ತಂದೆಯದೊಂದು ಗೊಂಬೆ ಅಂಗಡಿ ಇತ್ತು. ಆ ಸಾಹೇಬರು ಮಾತ್ರ ಬಣ್ಣದ ಕುದುರೆಗಳ ನಡುವೆ ಐದು ಪ್ರತಿಗಳನ್ನು ಚೆಂದವಾಗಿ ಜೋಡಿಸಿ, ಬಂದವರಿಗೆಲ್ಲ "ನಮ್ ಮಗಳ ಟೀಚರ್ ಬರ್ದಿರೋದು" ಎನ್ನುತ್ತಿದ್ದರು. ಐದೂ ಖರ್ಚಾದವು. ಮೂರನ್ನು ಅವರೇ ನೆಂಟರಿಗೆ ಕೊಟ್ಟಿದ್ದರೆಂದು ಆಮೇಲೆ ಗೊತ್ತಾಯಿತು.

ಪುಸ್ತಕ ಹೀಗೆ ಅಂಗಡಿ ಸೇರಿದ ಮೇಲೆ, ತಡವಾಗಿಯೇ, ಬಿಡುಗಡೆ ಕಾರ್ಯಕ್ರಮವನ್ನು ರಾಮನಗರದಲ್ಲಿ ಇಟ್ಟುಕೊಂಡೆವು. ಅತಿಥಿಗಳಿಗೆ ಬಿಡುವಿದ್ದ ಭಾನುವಾರ ಬೆಳಿಗ್ಗೆ. ಹಾಲ್ ಸಿಕ್ಕಿತು, ಹಾರ ಸಿಕ್ಕಿತು, ಉಪ್ಪಿಟ್ಟು ಕೇಸರಿಭಾತಿಗೆ ಹೇಳಿಯಾಯಿತು. ಅವ್ವ ವೇದಿಕೆಯ ಎದುರು ಕೂತಿರಬೇಕು, ನನ್ನ ಹೆಸರಿರುವ ಪುಸ್ತಕವನ್ನು ಅವಳು ಕೈಯಲ್ಲಿ ಹಿಡಿಯಬೇಕು ಎನ್ನುವುದೊಂದೇ ನನ್ನ ಆಸೆ. ಆ ಅಧ್ಯಾಯದ ಸುದ್ದಿ ಅಲ್ಲಿ ಯಾರೂ ಎತ್ತದಿದ್ದರೆ ಸಾಕು. ಆಹ್ವಾನ ಪತ್ರಿಕೆಯನ್ನು ತಮ್ಮನ ಕೈಯಲ್ಲಿ ಊರಿಗೆ ಕಳಿಸಿದೆ. ಅವ್ವ ಹೇಳಿ ಕಳಿಸಿದ್ದು ಇಷ್ಟು: "ಹುಳ ನಾಲ್ಕನೇ ಜ್ವರಕ್ಕೆ ಕೂತವೆ. ನೋಡನ ಅಂತ ಯೇಳು." ನೋಡೋಣ ಎಂದರೆ ಬರುತ್ತಾಳೆ ಎಂದುಕೊಂಡು ಮೊದಲ ಸಾಲಿನಲ್ಲಿ ಊರಿನವರಿಗೆಂದು ಎಂಟು ಕುರ್ಚಿ ಇಡಿಸಿದೆ.

ಎಂಟೂ ಕೊನೆವರೆಗೂ ಖಾಲಿ. ಅವ್ವ ಇಲ್ಲ, ತಮ್ಮ ಇಲ್ಲ, ಊರಿನ ಒಂದು ನರಪಿಳ್ಳೆಯೂ ಇಲ್ಲ. ಯಾರೋ ಅವ್ವನಿಗೆ ಆ ಅಧ್ಯಾಯವನ್ನು ಓದಿ ಹೇಳಿದ್ದಾರೆ, ಅದಕ್ಕೇ ಬಂದಿಲ್ಲ ಎಂದುಕೊಂಡು ಬಾಗಿಲ ಕಡೆಯೇ ನೋಡುತ್ತಿದ್ದೆ. ಅಷ್ಟರಲ್ಲಿ ಅತಿಥಿಗಳು ಮೈಕಿನ ಮುಂದೆ, "ಈ ಲೇಖಕಿಗೆ ರೇಷ್ಮೆ ಹುಳದ ಒಂದೊಂದು ದಿನವೂ ಗೊತ್ತು. ನಾಲ್ಕನೇ ಜ್ವರ ಎದ್ದ ಎಂಟನೇ ದಿನ ಮನೆ ಹೇಗಿರುತ್ತದೆ ಎಂದು ಎಷ್ಟು ಚೆನ್ನಾಗಿ ಬರೆದಿದ್ದಾರೆ ನೋಡಿ" ಎಂದರು. ಜನ ಚಪ್ಪಾಳೆ ತಟ್ಟಿದರು. ನಾನು ವೇದಿಕೆಯ ಮೇಲೆ ಕೂತು, ಸೆರಗಿನೊಳಗೆ ಬೆರಳು ಮಡಿಸಿ ಎಣಿಸಿದೆ. ತಮ್ಮ ಬಂದು ಹೋದ ದಿನ, ಜ್ವರ ಏಳುವ ದಿನ, ಅಲ್ಲಿಂದ ಒಂದು, ಎರಡು, ಮೂರು... ಇವತ್ತಿಗೆ ಸರಿಯಾಗಿ ಎಂಟು. ಊರಿನ ಎಲ್ಲರೂ ಒಂದೆರಡು ದಿನದ ಅಂತರದಲ್ಲಿ ಮೊಟ್ಟೆ ತಂದವರು, ಎಲ್ಲರ ಮನೆಯಲ್ಲೂ ಇವತ್ತೋ ನಾಳೆಯೋ ಹುಳ ಹಣ್ಣು. ಮುನ್ನೂರು ಪುಟ ಹುಳದ ಬಗ್ಗೆ ಬರೆದವಳು, ದಿನ ಗೊತ್ತು ಮಾಡುವಾಗ ಒಂದೇ ಒಂದು ಸಲ ಅವ್ವನನ್ನು ಕೇಳಿರಲಿಲ್ಲ. ನನ್ನ ಮೇಲೆ ನನಗೇ ಎಂಥ ಸಿಟ್ಟು ಬಂತೆಂದರೆ, ಹಾರ ಹಾಕಿಸಿಕೊಳ್ಳುವಾಗ ನಗಲೂ ಆಗಲಿಲ್ಲ.

ಕಾರ್ಯಕ್ರಮ ಮುಗಿದದ್ದೇ ತಡ, ಒಂದು ಪ್ರತಿ ಹಿಡಿದುಕೊಂಡು ಕೂಟಗಲ್ಲಿನ ಬಸ್ಸು ಹತ್ತಿದೆ. ಮಧ್ಯಾಹ್ನದ ಬಿಸಿಲಲ್ಲಿ ನಮ್ಮ ಬೀದಿಯ ಉದ್ದಕ್ಕೂ ಚಂದ್ರಿಕೆಗಳು ಗೋಡೆಗೊರಗಿ ನಿಂತಿದ್ದವು. ಬಾಗಿಲಲ್ಲೇ ಅವ್ವ ತಡೆದಳು. "ಅಲ್ಲೇ ನಿಂತ್ಕ ಮಗ. ಸೆಂಟ್ ಹಾಕಂಡಿದ್ದೀಯ, ಹೂವ ಮುಡ್ದಿದ್ದೀಯ. ಹುಳ್ಗಳ್ಗೆ ಆಗಕಿಲ್ಲ. ಕೈಕಾಲ್ ತೊಳ್ಕಂಡು ನನ್ನ ಸೀರೆ ಉಟ್ಕೊಂಡು ಬಾ."

ಬಿಡುಗಡೆಯ ರೇಷ್ಮೆ ಸೀರೆ ಬಿಚ್ಚಿಟ್ಟು, ಅವ್ವನ ಹಳೆಯ ವಾಯಿಲ್ ಸೀರೆ ಉಟ್ಟು ಒಳಗೆ ಹೋದೆ. ತಟ್ಟೆಗಳ ಸುತ್ತ ಅವ್ವ, ತಮ್ಮ, ಅಕ್ಕಪಕ್ಕದ ಮನೆಯ ನಾಲ್ಕೈದು ಹೆಂಗಸರು ಹುಳ ಆಯುತ್ತಿದ್ದರು. "ಬರಕ್ಕಾಗ್ನಿಲ್ಲ ಕಣವ್ವ, ಬೇಜಾರ್ ಮಾಡ್ಕಬ್ಯಾಡ" ಎಂದಳು ಅವ್ವ. ತಪ್ಪು ನನ್ನದು ಎಂದರೆ, "ಬುಡು, ಈಗ ಬಂದ್ಯಲ್ಲ" ಎಂದು ಕೈಯೊರೆಸಿಕೊಂಡು ಪುಸ್ತಕ ತೆಗೆದುಕೊಂಡಳು. ನನ್ನ ಹೆಸರು ಎಲ್ಲಿದೆ ಎಂದು ಕೇಳಿ, ಅದರ ಮೇಲೆ ಬೆರಳಾಡಿಸಿ, ಕಣ್ಣಿಗೊತ್ತಿಕೊಂಡು ವಾಪಸ್ಸು ಕೊಟ್ಟಳು. "ಕೈಗೆ ಕೆಲ್ಸ ಐತೆ, ಕಿವಿಗಿಲ್ಲ. ಒಸಿ ಓದು."

ಮದುವೆಯ ಅಧ್ಯಾಯ ಓದಿದೆ. ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಅಲ್ಲಿಗೆ ಮುಚ್ಚಬೇಕು ಎನ್ನುವಷ್ಟರಲ್ಲಿ, ಮೊದಲೇ ಓದಿದ್ದ ತಮ್ಮ, "ಅದ್ನ ಓದಕ್ಕಯ್ಯ, ಹುಳ ಬುಟ್ಟು ಹೋಯ್ತಾಳಲ್ಲ, ಅದು" ಎಂದುಬಿಟ್ಟ. ನಗುತ್ತಿದ್ದ ಹೆಂಗಸರು ತಟ್ಟೆಯ ಮೇಲೆ ಬಗ್ಗಿ ಹುಳ ಆಯತೊಡಗಿದರು. ಅವ್ವ ನನ್ನ ಮುಖ ನೋಡಲಿಲ್ಲ. "ಓದು" ಎಂದಳು.

ಓದಿದೆ. ಕೆರೆ ಏರಿ ಮುಗಿಯಿತು, ತೌರುಮನೆಯ ಬಾಗಿಲು ಬಂತು, ಅಧ್ಯಾಯ ಮುಗಿಯಿತು. ಅವ್ವ ಕೈಯಲ್ಲಿದ್ದ ಹುಳವನ್ನು ಚಂದ್ರಿಕೆಗೆ ಬಿಟ್ಟು ಹೇಳಿದಳು:

"ನಾನು ತೌರ್ಗೆ ಹೋಗ್ನಿಲ್ಲ ಕಣ್ ಮಗ. ನಿಂಗೆ ಮೈ ಸುಡ್ತಿತ್ತು, ಫಿಟ್ಸ್ ಬಂದು ಕಣ್ಣು ಮೇಲಕ್ಕೆ ಸಿಕ್ಕಾಕಂಡಿದ್ದೋ. ಎರಡ್ ವರ್ಸದ ಕೂಸು. ನಿಮ್ಮಜ್ಜಿ, ಹುಳ ಆಯ್ದ್ಬುಟ್ಟು ಸಂಜ್ಗೆ ಹೋಗು ಅಂದ್ಳು. ನಾನು ಕೇಳ್ನಿಲ್ಲ. ನಿನ್ನ ಎತ್ಕೊಂಡು ರಾಮನಗರದ ಆಸ್ಪತ್ರೆಗೆ ಓಡ್ದೆ. ಎರಡ್ ದಿನ ಅಲ್ಲೇ ಇದ್ದೊ. ಬರೋ ಹೊತ್ಗೆ ಬೆಳೆ ಹೋಗಿತ್ತು."

ಅಜ್ಜಿಯ ಆ ಮಾತು ಕೇಳುತ್ತಾ ಅದೇ ಅಡುಗೆಮನೆಯಲ್ಲಿ ಕೂತು ಉಂಡು ಬೆಳೆದವಳು ನಾನು. "ಯಾಕವ್ವ ಒಂದು ದಿನವೂ ಹೇಳಲಿಲ್ಲ?"

"ಯೇಳಿದ್ರೆ, ನನ್ನಿಂದ ಬೆಳೆ ಹಾಳಾಯ್ತು, ನನ್ನಿಂದ ಅವ್ವ ಮಾತು ಅನ್ನಿಸ್ಕತಾಳೆ ಅಂತ ನೀನು ಕೊರಗ್ತಿದ್ದೆ. ಮಕ್ಳ ತಲೆಗೆ ಅದೆಲ್ಲ ಯಾಕೆ ತುಂಬ್ಬೇಕು? ಯೇಳ್ಬ್ಯಾಡಿ ಅಂತ ನಿಮ್ಮಪ್ಪನ ಹತ್ರ, ನಿಮ್ಮಜ್ಜಿ ಹತ್ರಾನೂ ಆಣೆ ಇಡಿಸ್ಕೊಂಡಿದ್ದೆ."

ಅಳು ತಡೆಯಲಾಗಲಿಲ್ಲ. ಹುಳದ ತಟ್ಟೆಗೆ ಕಣ್ಣೀರು ಬೀಳಬಾರದೆಂದು ಮುಖ ತಿರುಗಿಸಿಕೊಂಡೆ. ಎರಡನೇ ಮುದ್ರಣ ಆದರೆ ಎಲ್ಲ ಸರಿಯಾಗಿ ತಿದ್ದಿ ಬರೆಯುತ್ತೇನೆ, ಆಸ್ಪತ್ರೆಯದನ್ನೇ ಹಾಕುತ್ತೇನೆ ಎಂದೆ.

ಅವ್ವ ಇನ್ನೊಂದು ತಟ್ಟೆ ಎಳೆದುಕೊಂಡಳು. ಹಣ್ಣಾದ ಹುಳ ಹುಡುಕುತ್ತಾ, ಯಾರಿಗೋ ಅನುಮತಿ ಕೊಡುವವಳ ಹಾಗೆ, ಮೆಲ್ಲಗೆ ಅಂದಳು:

"ತಿದ್ಬ್ಯಾಡ. ಅವ್ಳು ತೌರ್ಗೇ ಹೋಗ್ಲಿ ಬುಡು. ನನ್ಗಂತೂ ಆಗ್ನಿಲ್ಲ, ಅವ್ಳಾದ್ರೂ ಒಂದ್ಸಲ ಹೋಗ್ಬರ್ಲಿ."