ದೊಡ್ಡಪ್ಪ ಸತ್ತ ಮೇಲಿನ ಸಿನಿಮಾ

ಹುರಿದ ಶೇಂಗಾದ ವಾಸನೆ ಬಂದರೆ ಸಾಕು, ಇಳಕಲ್ಲಿನ ಹಳೆಯ ಟಾಕೀಸಿನ ಕತ್ತಲೂ ಪಕ್ಕದಲ್ಲಿ ಸೆರಗು ಬಿಗಿದು ಕೂತ ಆಯಿಯೂ ನೆನಪಾಗುತ್ತಾರೆ. ಆಯಿ ಎಂದರೆ ಅಪ್ಪನ ತಾಯಿ. ಓಣಿಯಲ್ಲಿ ಯಾರು “ಯವ್ವಾ” ಎಂದರೂ ತನ್ನನ್ನೇ ಕರೆದರೆಂದು “ಓ” ಎನ್ನುವವಳು. ಅವಳ ಹಿರಿಮಗ, ನನ್ನ ದೊಡ್ಡಪ್ಪ, ಮಗ್ಗ ಬಿಟ್ಟು ಮುಂಬೈಗೆ ಹೋಗಿ ಹಿಂದಿ ಸಿನಿಮಾ ಸೇರಿದ್ದ. ನಾಯಕನೇನಲ್ಲ, ನಾಯಕನ ಅಪ್ಪ, ಮನೆಯ ಮುದಿ ಆಳು, ಕೆಮ್ಮುವ ಮಾಸ್ತರ. ಹರೆಯದಲ್ಲೇ ಅವನಿಗೆ ಬಿಳಿ ಮೀಸೆ ಅಂಟಿಸಿಬಿಟ್ಟಿದ್ದರು. ಪಾತ್ರ ಯಾವುದಾದರೂ ಹಣೆಬರಹ ಒಂದೇ, ಇಂಟರ್ವಲ್ಲಿಗೆ ಮೊದಲೇ ಸಾಯುವುದು.

ಅವನ ಸಿನಿಮಾ ಬಂದರೆ ಓಣಿಯ ಮಗ್ಗಗಳೆಲ್ಲ ಸುಮ್ಮನಾಗುತ್ತಿದ್ದವು. ಟಾಕೀಸಿನ ಒಂದು ಸಾಲು ತುಂಬ ನಾವೇ. ಹಿಂದಿ ಯಾರಿಗೆ ಬರುತ್ತಿತ್ತು? ದೊಡ್ಡಪ್ಪ ಕಂಡರೆ ಕಥೆ ತಿಳಿದಂತೆಯೇ. ಅವನು ಎದೆ ಹಿಡಿದುಕೊಂಡು ಹಾಸಿಗೆಗೆ ಒರಗಿದ ಕೂಡಲೇ ಆಯಿ ಎದ್ದು ನಿಲ್ಲುತ್ತಿದ್ದಳು. “ಏಳ್ರಿ, ಮಗನ ಹೆಣ ನೋಡ್ಕೋತ ಯಾವ ತಾಯಿ ಕುಂಡ್ರತಾಳು?” ಇಡೀ ಸಾಲು ಅವಳ ಹಿಂದೆ ಹೊರಡುತ್ತಿತ್ತು. ಮುಗಿಯದ ಶೇಂಗಾವನ್ನು ದಾರಿಯುದ್ದಕ್ಕೂ ತಿನ್ನುತ್ತಿದ್ದೆವು. ಮನೆ ಮುಟ್ಟಿದವಳೇ ಆಯಿ ತಲೆಯ ಮೇಲೆ ನೀರು ಸುರಿದುಕೊಳ್ಳುತ್ತಿದ್ದಳು. ಅಪ್ಪ ನಕ್ಕರೆ, “ಆಟ ಅಂತ ನನಗೂ ಗೊತ್ತೈತಿ. ಕಣ್ಣಿಗೆ ಗೊತ್ತಾಗಬೇಕಲ್ಲ” ಎನ್ನುತ್ತಿದ್ದಳು. ಹೀಗಾಗಿ ದೊಡ್ಡಪ್ಪನ ಒಂದು ಸಿನಿಮಾವನ್ನೂ ನಮ್ಮ ಮನೆಯವರು ಪೂರ್ತಿ ನೋಡಲಿಲ್ಲ.

ಒಂದು ಪಂಚಮಿಗೆ ಊರಿಗೆ ಬಂದವನು, ಒಲೆಯ ಮುಂದೆ ಕೂತು, ಎಂದೂ ಕೇಳದವನು ಕೇಳಿದ:

“ಈ ಸಲದ್ದು ಕಡೀತನಕ ನೋಡೀಯೇನಬೇ?”

“ನೋಡೀನಪ್ಪ. ಭಾಳ ಛಲೋ ಐತಿ,” ಎಂದಳು ಆಯಿ.

“ಖರೇನ? ಹಂಗಾದ್ರ ಕಡೀಕ ನಾ ಏನಂದೆ ಹೇಳು.”

ಆಯಿ ರೊಟ್ಟಿ ಬಡಿಯಲು ತಿರುಗಿಕೊಂಡಳು. “ನಿನ್ನ ಹಿಂದಿ ನನಗೆಲ್ಲಿ ತಿಳೀತೈತೋ ತಮ್ಮಾ.”

ಮುರಿದ ರೊಟ್ಟಿ ಬಹಳ ಹೊತ್ತು ದೊಡ್ಡಪ್ಪನ ಕೈಯಲ್ಲೇ ಇತ್ತು.

ಮುಂದೆ ಅವನು ಮುಂಬೈಯಲ್ಲಿ ಖರೆಯಾಗಿಯೇ ತೀರಿಕೊಂಡ. ಸುದ್ದಿ ಬರುವಷ್ಟರಲ್ಲಿ ಮಣ್ಣಾಗಿತ್ತು. ಆ ಹೆಣವನ್ನೂ ಆಯಿ ನೋಡಲಿಲ್ಲ. ಆಮೇಲೆ ಆಯಿ ಹೋದಳು, ಮಗ್ಗ ಹೋದವು. ಟಾಕೀಸಿನ ಜಾಗದಲ್ಲಿ ಈಗ ಗ್ರಾನೈಟ್ ಅಂಗಡಿಯಿದೆ. ನಿಮ್ಮೂರಿನ ಟಾಕೀಸೂ ಹೀಗೇ ಹೋಗಿರಬೇಕು.

ಮೊನ್ನೆ ಮೊಮ್ಮಗಳು ಮೊಬೈಲಿನಲ್ಲಿ ಆ ಪಂಚಮಿಗೆ ದೊಡ್ಡಪ್ಪ ಕೇಳಿದ್ದ ಸಿನಿಮಾ ಹುಡುಕಿಕೊಟ್ಟಳು. ದೊಡ್ಡಪ್ಪ ಸತ್ತ. ಹಳೆಯ ಚಾಳಿ, ಎದ್ದವಳು ಮತ್ತೆ ಕೂತೆ. ಕೊನೆಕೊನೆಗೆ ನಾಯಕ ಸತ್ತ ಅಪ್ಪನನ್ನು ನೆನೆಯುತ್ತಾನೆ, ದೊಡ್ಡಪ್ಪ ಮತ್ತೆ ಬಂದ. ನೆಲದ ಮೇಲೆ ಕೂತು ಉಂಡ. ಮೊಣಕಾಲಿಗೆ ಕೈಯೂರಿ ಏಳುತ್ತ, ಅಷ್ಟೊಂದು ಹಿಂದಿಯ ನಡುವೆ, ನಮ್ಮ ಓಣಿಯ ದನಿಯಲ್ಲಿ “ಯವ್ವಾ” ಎಂದು ನೆಟ್ಟಗೆ ನಮ್ಮ ಕಡೆ ನೋಡಿದ.

ಅದು ಹಿಂದಿಯಾಗಿರಲಿಲ್ಲ, ಆಯಿಗೆ ತಿಳಿಯುತ್ತಿತ್ತು. ಎಷ್ಟು ವರ್ಷದಿಂದ ಕರೆಯುತ್ತಿದ್ದನೋ. ಅವಳ ಬದಲು ನಾನಾದರೂ ಓ ಅನ್ನೋಣವೆಂದು ಬಾಯಿ ತೆರೆದೆ.