ನೆರೆಯವರ ಬೀಟಿಕೋಲು

ಅರುವತ್ತರ ದಶಕದ ಪುತ್ತೂರಿನಲ್ಲಿ ನಮ್ಮ ನೆರೆಯವರು ಒಣಮೀನಿನ ವ್ಯಾಪಾರಿ. ಅಂಗಡಿಯಿಂದ ಬಂದೊಡನೆ ಅಂಗಳದ ಹಳೆಯ ಕಾರಿನ ಬಾನೆಟ್ ಎತ್ತುತ್ತಿದ್ದರು. ಏರಿನಲ್ಲಿ ಬಸ್ಸನ್ನು ಹಿಂದಿಕ್ಕಲೆಂದೇ ಅದಕ್ಕೆ ಎರಡು ಕಾರ್ಬ್ಯುರೇಟರ್ ಕೂರಿಸಿದ್ದರು. ಬೀಟಿಮರದ ಕೋಲಿನ ಒಂದು ತುದಿಯನ್ನು ಎಂಜಿನ್ನಿಗೂ ಇನ್ನೊಂದನ್ನು ಕಿವಿಗೂ ಇಟ್ಟು, "ಅದೇ ಹೇಳ್ತದೆ ಮಾರಾಯ್ರೆ, ನಾವು ಕೇಳಿದ್ರೆ ಆಯ್ತು" ಎನ್ನುತ್ತಿದ್ದರು.

ಕ್ರಮೇಣ ಅವರ ಕಿವಿಯೇ ಮಂದವಾಯಿತು. ಕಾರು ಮಾರಲು ಒಪ್ಪಿದರು. ಕೊಳ್ಳುವವರು ಸುಳ್ಯದಿಂದ ಬಂದ ದಿನ ನಾನೂ ಅಲ್ಲಿದ್ದೆ. ನೆರೆಯವರು ಎಂಜಿನ್ ಚಾಲೂ ಮಾಡಿ ಕೋಲನ್ನು ಕಿವಿಗಿಟ್ಟರು, ಏನೂ ಕೇಳಿಸಲಿಲ್ಲ. ಕಾರ್ಬ್ಯುರೇಟರುಗಳ ಸ್ಕ್ರೂ ತಿರುಗಿಸಲು ಎರಡೂ ಕೈ ಬೇಕಾದಾಗ, ಎಂಜಿನ್ನಿಗೆ ತಾಗಿದ್ದ ಕೋಲಿನ ಇನ್ನೊಂದು ತುದಿಯನ್ನು ಹಲ್ಲಲ್ಲಿ ಕಚ್ಚಿದರು. ಎಂಜಿನ್ನಿನ ಸದ್ದು ಹಲ್ಲಿನ ಮೂಲಕವೇ ತಲೆಯೊಳಗೆ ಕೇಳಿಸಿತೇನೋ, ಹಾಗೆಯೇ ನಿಂತುಬಿಟ್ಟರು. ಕಣ್ಣು ತುಂಬಿತು.

ಆಮೇಲೆ ಬಂದವರಿಗೆ ಹೇಳಿದರು: "ನೀವು ಚಾ ಕುಡ್ದು ಹೋಗಿ ಮಾರಾಯ್ರೆ. ಅದಕ್ಕೆ ಇನ್ನೂ ಎಂತದೋ ಹೇಳ್ಲಿಕ್ಕೆ ಉಂಟು."